ಯಾರ ಪದರ ತೆಗಿ ಅಂತಿ?

ಮೂರು ಊರಿನ ಮನೆಗಳನ್ನು ನಕಾಶೆಗೆ ಏರಿಸಲು ಮುಬಶೀರಾ ನಲವತ್ತೊಂದು ದಿನ ನಡೆದಳು. ಅವುಗಳಲ್ಲಿ ಅರವತ್ಮೂರನ್ನು ಇಳಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಒಂದು ಟಿಕ್ ತೆಗೆದಳು. ಓಣಿಗೆ ಓಣಿಯೇ ಹೋಯಿತು. ಹೋದ ಮನೆಗಳಲ್ಲಿ ಒಂದು ಅವಳ ಅಪ್ಪನದು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಅವಳು ಮಾಡಿದ್ದನ್ನು ಕೇಳಿ ಹಾರ ಹಿಡಿದುಕೊಂಡು ಬರುವವರು ಹುಟ್ಟಿಕೊಳ್ಳುತ್ತಾರೆ. ಹಾರ ಬೇಡ. ಮೊದಲು ಅಳಿಸಿದ ಕೈಯೂ ಅವಳದೇ.

ಇಳಕಲ್ಲಿನ ಹಳ್ಳದ ದಂಡಿ ಓಣಿಯ ಯಾಕೂಬಸಾಬನ ಮಗಳು ಅವಳು. ಅಪ್ಪ ಪವರ್‌ಲೂಮ್ ನಡೆಸುವ ಆಳು. ಮಗಳು ಡಿಪ್ಲೊಮಾ ಓದಿದಳು, ಬಾಗಲಕೋಟೆಯ ನವನಗರದಲ್ಲಿ ನಕಾಶೆ ಮಾಡುವ ಕಂಪನಿಯೊಂದರಲ್ಲಿ ಕೆಲಸ ಹಿಡಿದಳು. ಕಂಪನಿಯಲ್ಲಿ ಎರಡು ಜಾತಿ. ತಂಪು ಕೋಣೆಯಲ್ಲಿ ಕೂತು ಪರದೆ ನೋಡುವವರು ಒಂದು. ಬಿಸಿಲಲ್ಲಿ ಕೋಲು ಹೊತ್ತು ತಿರುಗುವವರು ಇನ್ನೊಂದು. ಕೋಲಿನ ತುದಿಗೆ ಉಪಗ್ರಹದ ಜೊತೆ ಮಾತಾಡುವ ಒಂದು ಯಂತ್ರ. ಮನೆಯ ಒಂದೊಂದು ಮೂಲೆಗೂ ಕೋಲು ಊರಿ, ಯಂತ್ರ ಕೀಂ ಅನ್ನುವ ತನಕ ಅಲುಗಾಡದೆ ನಿಲ್ಲಬೇಕು. ಮನೆಗೆ ನಾಲ್ಕು ಮೂಲೆ. ಮಾರ್ಚ್ ಕೊನೆ, ಏಪ್ರಿಲ್ ತಿಂಗಳು. ಹುನಗುಂದ, ಕಮತಗಿ, ಇಳಕಲ್ ಮೂರೂ ಊರಿನ ಬಿಸಿಲು ಅವಳ ನೆತ್ತಿಯ ಮೇಲೆ ಇಳಿಯಿತು.

ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಉಚ್ಚೆ ಬರುತ್ತದೆ. ಉಚ್ಚೆ ಬಂದರೆ ಹೋಗಲು ಜಾಗವಿಲ್ಲ. ಕಂಪನಿಯ ಪುಸ್ತಕದಲ್ಲಿ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂದು ಬರೆದಿತ್ತು, ಹೆಣ್ಣುಮಗಳು ಎಷ್ಟು ಹೊತ್ತು ತಾಳುತ್ತಾಳೆ ಎಂದು ಬರೆದಿರಲಿಲ್ಲ. ಹುನಗುಂದದ ಹೊಸ ಬಡಾವಣೆಯೊಂದರಲ್ಲಿ ಒಬ್ಬ ಹೆಂಗಸು ನೀರಿನ ತಂಬಿಗೆ ಹಿಡಿದು ಗೇಟಿನ ತನಕ ಬಂದು, ಹೆಸರು ಕೇಳಿದಳು. ಮುಬಶೀರಾ ಹೇಳಿದಳು. ತಂಬಿಗೆ ಹಾಗೇ ಒಳಗೆ ಹೋಯಿತು. ಆ ಮನೆಯ ನಾಲ್ಕೂ ಮೂಲೆಯನ್ನು ಮಾತ್ರ ಅವಳು ಕೂದಲೆಳೆ ತಪ್ಪದೆ ಅಳೆದಳು.

ಕೊನೆಗೆ ತನ್ನದೇ ಓಣಿಗೆ ಬಂದಾಗ ಮಾಬುಬಿ ಹೊರಗೆ ಬಂದು ಯಂತ್ರದ ಕೋಲನ್ನು ಹಿಡಿದು ನಿಂತಳು. ಎಪ್ಪತ್ತರ ಮುದುಕಿ, ಓಣಿಗೆಲ್ಲ ಅಜ್ಜಿ, ನಾನಿ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಮಗ್ಗದ ಮೇಲೆ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಬೇಕು. ಮಾಬುಬಿ ಐವತ್ತು ವರ್ಷ ಅದನ್ನೇ ಮಾಡಿದ್ದಳು. ಅವಳ ತೋರುಬೆರಳಿನ ತುದಿಯಲ್ಲಿ ಎಳೆ ಕೊರೆದ ಗೆರೆಯಿತ್ತು. ಬಣ್ಣ ಕೂತು ಉಗುರು ಯಾವತ್ತೂ ಕೆಂಪು. ಅಂಗಡಿಯವರು ಸೆರಗು ಅನ್ನುವುದನ್ನು ಓಣಿಯ ಹೆಂಗಸರು ಪದರ ಅನ್ನುತ್ತಾರೆ. ಪದರ ತಲೆಯ ಮೇಲಿರಬೇಕು. ಪದರಕ್ಕೆ ಕೈ ಹಾಕಿದ ಗಂಡಸು ಆ ಓಣಿಯಲ್ಲಿ ಕೈ ಸಮೇತ ಮನೆಗೆ ಹೋಗಿದ್ದಿಲ್ಲ.

"ಏನ್ ಮಾಡಾಕತ್ತೀ ಬೇಟಾ ಇದು?" ಎಂದು ಮಾಬುಬಿ ಕೇಳಿದ್ದಳು.

"ನಿಮ್ಮನಿ ನಕಾಶ್ಯಾಗ ಏರಸಾಕತ್ತೇನಿ, ನಾನಿ."

"ಏರಿದ್ರ ಏನಾಗ್ತೈತಿ?"

"ಏರಿದ್ರ, ನಾಳೆ ಯಾರೂ ಇಲ್ಲಿ ಮನಿ ಇಲ್ಲ ಅನ್ನಾಕ ಬರೂದಿಲ್ಲ."

"ಹಂಗಾದ್ರ ಛಲೋತ್ನ್ಯಾಗ ಏರಸು" ಎಂದು ಮುದುಕಿ ನೀರು ಕುಡಿಸಿದಳು. ತನ್ನ ಪಾಯಖಾನೆಯ ಬಾಗಿಲನ್ನೂ ತೆಗೆದು ಕೊಟ್ಟಳು. ನಲವತ್ತೊಂದು ದಿನದಲ್ಲಿ ಮುಬಶೀರಾ ಹೊಟ್ಟೆ ತುಂಬ ನೀರು ಕುಡಿದದ್ದು ಅಂದು ಮಾತ್ರ.

ಈ ನಕಾಶೆ ಗೋಡೆಗೆ ತೂಗುಹಾಕುವಂಥದಲ್ಲ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ತೆರೆಯುವಂಥದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅದರಲ್ಲಿ ರಸ್ತೆಯದೊಂದು ಹಾಳೆ, ನಳದ್ದೊಂದು, ಮನೆಗಳದ್ದೊಂದು, ಗುಡಿ ಮಸೂತಿಗಳದ್ದೊಂದು. ಮೇಲೆ ಬಲಮೂಲೆಯಲ್ಲಿ ಒಂದು ಸಣ್ಣ ಗುರುತು. ಅದನ್ನು ಒತ್ತಿದರೆ ಎಲ್ಲ ಹಾಳೆಗಳ ಹೆಸರು ಬರುತ್ತವೆ, ಒಂದೊಂದರ ಮುಂದೂ ಒಂದು ಚೌಕ. ಟಿಕ್ ಇದ್ದರೆ ಹಾಳೆ ಕಾಣುತ್ತದೆ. ಟಿಕ್ ತೆಗೆದರೆ ಇಲ್ಲ. ಯಾವುದು ಮೇಲೆ, ಯಾವುದು ಅಡಿಯಲ್ಲಿ ಎಂಬುದನ್ನೂ ಅಲ್ಲೇ ನಿಶ್ಚಯ ಮಾಡಬಹುದು. ಕಂಪನಿಯವರು ಇದಕ್ಕೆ ಲೇಯರ್ ಅನ್ನುತ್ತಾರೆ. ಸರಕಾರದ ಕನ್ನಡ ಬಲ್ಲವರು ಪದರ ಅನ್ನುತ್ತಾರೆ.

ಮೇ ತಿಂಗಳಲ್ಲಿ ಮ್ಯಾನೇಜರ್ ರಾಜೇಶ ಅವಳನ್ನು ತಂಪು ಕೋಣೆಗೆ ಕರೆದ. ಕೂಡ್ರು ಅನ್ನಲಿಲ್ಲ.

"ಹಳ್ಳದ ದಂಡಿ ಓಣಿ ಮನಿ ಎಲ್ಲಾ ಬ್ಯಾರೆ ಲೇಯರಿಗೆ ಹಾಕು."

"ಏನಂತ ಹೆಸರ ಕೊಡ್ಲಿರಿ ಸರ್?"

"ಇತರೆ ಅಂತ ಕೊಡು."

"ಕಸದ ಡಬ್ಬಿಗೂ ಕಸದ ಡಬ್ಬಿ ಅಂತ ಹೆಸರೈತ್ರಿ ಇದ್ರಾಗ. ಮನಿಗೆ ಇತರೆ ಏನ್ರಿ?"

"ಪಟ್ಟಾ ಇಲ್ಲದ್ದು ಮನಿ ಅಲ್ಲ. ಟಿಕ್ ತೆಗದು ಇಡು. ತೆರದ ಕೂಡ್ಲೆ ಕಾಣಬಾರ್ದು. ಅದರ ಮ್ಯಾಲೆ ಹಸಿರು ಪಟ್ಟಿ ಹಾಸು. ಹಳ್ಳದ ದಂಡಿಗೆ ಪಾರ್ಕ್ ಬರ್ತೈತಿ, ಅಡ್ಡಾಡೂ ದಾರಿ ಬರ್ತೈತಿ, ಸಾಹೇಬ್ರು ಜನರ ಮುಂದ ತೋರಸ್ತಾರ."

"ಅದ್ರಾಗ ನಮ್ಮನೀನೂ ಐತ್ರಿ."

ರಾಜೇಶ ನಕ್ಕ. "ಛಲೋ ಆತಲ್ಲ. ಅಳತಿ ತಪ್ಪಿರೂದಿಲ್ಲ."

ಈ ರಾಜೇಶನ ಅಪ್ಪನ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಮುಳುಗಡೆಯಲ್ಲಿ ಹೋಯಿತು. ನದಿಯ ಹಿನ್ನೀರು ಬರುವ ಮೊದಲು ಯಾರೋ ಒಂದು ನಕಾಶೆಯ ಮೇಲೆ ಗೀಟು ಎಳೆದಿದ್ದರು. ಆ ಗೀಟಿನ ಕಥೆ ಹೇಳಿ ಹೇಳಿ ಅವನ ಅಪ್ಪ ಸತ್ತ. ಮಗ ಗೀಟು ಎಳೆಯುವ ಕೆಲಸಕ್ಕೆ ಸೇರಿ, ಅಪ್ಪನ ಕಥೆಯನ್ನು ಚೊಕ್ಕ ತೊಳೆದುಕೊಂಡ. ಇಂಥವರಿಗೆ ಬೆನ್ನೆಲುಬು ಯಾಕಿಲ್ಲ ಎಂದು ಕೇಳಬಾರದು. ಇದೆ. ಅದಕ್ಕೆ ಬಾಗಲು ಬರುತ್ತದೆ ಅಷ್ಟೇ.

"ಇನ್ನೊಂದೈತಿ" ಎಂದ ಅವನು. "ಹಳೇ ಹಳ್ಳದ ಗಡಿ ಅಂತ ನೀಲಿ ಗೀಟು ಐತಲ್ಲ, ಅದರದೂ ಟಿಕ್ ತೆಗಿ."

"ಅಳಸಲೇನ್ರಿ?"

"ಅಳಸಬ್ಯಾಡ. ನಾಳೆ ನಮಗ ಬೇಕಾಗ್ತೈತಿ. ಟಿಕ್ ತೆಗದ್ರ ಸಾಕು. ಆ ಓಣ್ಯಾಗ ಇದನ್ನ ತೆರದು ನೋಡೂವಂಥಾ ಮಗ ಯಾರದಾನ?"

ಅವಳು ಎರಡೂ ಟಿಕ್ ತೆಗೆದಳು. ಹೆದರಿದ್ದಳು. ಕೆಲಸ ಹೋದರೆ ಮದುವೆ ಮಾಡಿ ಕೈ ತೊಳೆದುಕೊಳ್ಳಲು ಮನೆಯವರು ಕಾದಿದ್ದರು. ಅಂದು ಸಂಜೆ ಬಸ್ಸಿಳಿದು ಓಣಿಗೆ ಬಂದಾಗ ಮಾಬುಬಿ ಕಟ್ಟೆಯ ಮೇಲೆ ಕೂತು, "ಏರಿದ್ವೇನ ಬೇಟಾ ಎಲ್ಲಾ?" ಎಂದು ಕೇಳಿದಳು. ಮುಬಶೀರಾ ಹೂಂ ಅಂದಳು. ಆಮೇಲೆ ಆ ಕಟ್ಟೆ ತಪ್ಪಿಸಿ ಹಿಂದಿನ ದಾರಿಯಿಂದ ಮನೆಗೆ ಹೋಗತೊಡಗಿದಳು.

ಹದಿನೈದು ದಿನಕ್ಕೆ ಆಕ್ಷೇಪಣೆ ಕೇಳುವ ಸಭೆ ಬಂತು. ಓಣಿಯ ಕಂಬಕ್ಕೆ ನೋಟಿಸು ಅಂಟಿಸಿದ್ದರು. ಓದಿದವರಿಗೂ ತಿಳಿಯದ ಕನ್ನಡ. ಕೆಳಗೆ ನಕಾಶೆಯ ವಿಳಾಸ, ಇರುವೆ ಗಾತ್ರದ ಅಕ್ಷರದಲ್ಲಿ. ಸಭೆ ಹಳ್ಳದ ಪಕ್ಕದ ಹೊಸ ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ.

ಮುಂದೆ ಬಿಳಿ ಹೊದಿಕೆಯ ಸೋಫಾ. ಅದರ ನಡುವೆ ಮಂಟಪದ ಧಣಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಹಿಂದೆ ಗುತ್ತಿಗೆದಾರರು. ಅವರ ಹಿಂದೆ ಮೂರು ಸಾಲು ಖಾಲಿ ಕುರ್ಚಿ. ಓಣಿಯ ಜನ ಗೋಡೆಗೆ ಆತು ನಿಂತಿದ್ದರು. ಖಾಲಿ ಕುರ್ಚಿ ಆಹ್ವಾನಿತರಿಗೆ ಎಂದು ಸಿಪಾಯಿ ಹೇಳಿದ್ದ. ಆಹ್ವಾನಿತರು ಬರಲಿಲ್ಲ. ಕುರ್ಚಿಗಳು ಖಾಲಿಯೇ ಕೂತವು. ಅಡಿಕೆ ಎಲೆಯ ತಟ್ಟೆಯಲ್ಲಿ ಉಪ್ಪಿಟ್ಟು, ಚಹಾ ಎರಡನೇ ಸಾಲಿನ ತನಕ ಬಂದು ಅಲ್ಲಿಂದಲೇ ಹಿಂದಕ್ಕೆ ತಿರುಗಿದವು.

ವೇದಿಕೆಯ ಮೂಲೆಯ ಸಣ್ಣ ಮೇಜಿನ ಮುಂದೆ ಮುಬಶೀರಾ ಕೂತಿದ್ದಳು. ಲ್ಯಾಪ್‌ಟಾಪಿನಲ್ಲಿ ನಕಾಶೆ, ಎದುರಿನ ದೊಡ್ಡ ಪರದೆಯ ಮೇಲೂ ನಕಾಶೆ. ಪಕ್ಕದಲ್ಲಿ ರಾಜೇಶ ಇಸ್ತ್ರಿ ಅಂಗಿಯಲ್ಲಿ.

ಯೋಜನೆಯ ಸಾಹೇಬರು ಮೈಕ್ ಹಿಡಿದರು. ದಕ್ಷಿಣದ ಕಡೆಯವರು, ಇಲ್ಲಿಗೆ ಬಂದು ಎರಡು ತಿಂಗಳು. ಎರಡು ತಿಂಗಳಲ್ಲಿ ಊರಿನ ಎರಡು ವಸ್ತು ಅವರಿಗೆ ಪರಿಚಯವಾಗಿದ್ದವು. ಒಂದು ಧಣಿಯ ತೋಟ, ಇನ್ನೊಂದು ಧಣಿಯ ಕಾರು. ಧಣಿಗೆ ತಾವು ಅನ್ನುತ್ತಿದ್ದರು, ಗೋಡೆಗೆ ಆತು ನಿಂತವರಿಗೆ ನೀವುಗಳು ಅನ್ನುತ್ತಿದ್ದರು.

"ಈ ಯೋಜನೆಯಿಂದ ಯಾರಿಗೂ ತೊಂದರೆ ಇಲ್ಲ. ಯಾಕೆ ಹೇಳಿ? ಹಳ್ಳದ ದಂಡೆಯಲ್ಲಿ ಯಾರೂ ವಾಸವಿಲ್ಲ. ನಕ್ಷೆ ನಿಮ್ಮ ಮುಂದೇನೇ ಇದೆ. ನೋಡ್ಕೊಳ್ಳಿ."

ಪರದೆಯ ಮೇಲೆ ಹಳ್ಳದ ಗುಂಟ ಉದ್ದಕ್ಕೆ ಹಸಿರು ಹಾಸಿತ್ತು. ಹೊಸ ಜಮಖಾನೆಯಂಥ ಹಸಿರು. ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೆಳಿಗ್ಗೆ ಎದ್ದು ಅದೇ ಜಾಗದಿಂದ ಬಂದಿದ್ದರು. ಒಲೆ ಆರಿಸಿ, ಬಾಗಿಲು ಹಾಕಿ ಬಂದಿದ್ದರು.

ಮಾಬುಬಿ ಗುಂಪಿನಿಂದ ಮುಂದೆ ಬಂದಳು.

"ಸಾಹೇಬ್ರ, ನಮ್ಮನಿ ಐತ್ರಿ ಅಲ್ಲಿ. ನಾ ಮದಿವಿ ಆಗಿ ಬಂದಾಗಿಂದ ಐತ್ರಿ."

"ಎಲ್ಲಿದೆ? ಬಾ, ತೋರಿಸು ಬಾ."

ಕೈ ಕೊಡುವವರಿಲ್ಲ. ಮುದುಕಿ ಮೊಣಕಾಲು ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿದಳು. ಪ್ರೊಜೆಕ್ಟರಿನ ಬೆಳಕು ಅವಳ ಮೈಮೇಲೆ ಬಿತ್ತು. ಮುಖ, ಸೀರೆ, ಕೈ ಎಲ್ಲ ಹಸಿರಾಯಿತು.

"ಏ, ನೆರಳು ಬೀಳ್ತಿದೆ. ಪಕ್ಕಕ್ಕೆ ನಿಲ್ಲು."

ಪಕ್ಕಕ್ಕೆ ನಿಂತಳು. ಕೊಂಡಿ ಹಾಕುವ ಆ ಕೆಂಪು ಉಗುರಿನ ಬೆರಳನ್ನು ಪರದೆಯ ಮೇಲಿಟ್ಟು ಹುಡುಕತೊಡಗಿದಳು. "ಇದು ಮಸೂತಿ ಅಲ್ರಿ? ಇಲ್ಲಿ ನಳ. ನಳದ ಮಗ್ಗಲಕ ರತ್ನಾಬಾಯಿ ಮನಿ, ಅಕೀದು ಕೈಮಗ್ಗ. ಅದರ ಮಗ್ಗಲಕ..." ಬೆರಳು ಹಸಿರಿನ ಮೇಲೆ ನಿಂತಿತು. "ಇಲ್ಲಿ ಐತ್ರಿ. ಇಲ್ಲೇ."

"ಅಲ್ಲಿ ಹುಲ್ಲಿದೆ, ಅಜ್ಜಿ."

ಮುಂದಿನ ಸಾಲು ನಕ್ಕಿತು. ಧಣಿಯ ಹೊಟ್ಟೆ ಕುಣಿಯಿತು. ಸಾಹೇಬರಿಗೆ ಹುರುಪು ಬಂತು. "ಹುಲ್ಲಲ್ಲಿ ಮನೆ ಮಾಡಿದ್ದೀಯಾ? ಹೋಗಲಿ, ಕೈ ತೆಗಿ. ಪರದೆ ಕೊಳೆ ಆಗುತ್ತೆ."

ಮುದುಕಿ ಕೈ ತೆಗೆದಳು. ತೆಗೆದ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಮೂಲೆಯ ಮೇಜಿನ ಕಡೆ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಏರಿದ್ವೇನ ಬೇಟಾ ಎಂಬ ಅದೇ ಪ್ರಶ್ನೆ ಇತ್ತು.

ಮುಬಶೀರಾ ಬಲಮೂಲೆಯ ಗುರುತು ಒತ್ತಿದಳು. ಬೆರಳು ಚೌಕದ ಮೇಲೆ ಹೋಯಿತು. ಇತರೆ. ಒತ್ತಿದಳು. ಪರದೆಯ ಮೇಲೆ ಹಸಿರಿನ ಅಡಿಯಿಂದ ಏನೋ ಚುಕ್ಕಿ ಚುಕ್ಕಿಯಾಗಿ ಎದ್ದಿತು. ಜನಕ್ಕೆ ಅದೇನೆಂದು ತಿಳಿಯಲಿಲ್ಲ. ಸಾಹೇಬರಿಗೆ ತಿಳಿಯಿತು. ಮುದುಕಿಯ ಪಕ್ಕದಲ್ಲೇ ನಿಂತು, ಮೈಕಿನಲ್ಲೇ ಒದರಿದರು:

"ಏ ಹುಡುಗಿ! ಆ ಪದರ ತೆಗಿ! ಮೊದಲು ಪದರ ತೆಗಿ ಅಂದೆ!"

ನಾಲ್ಕೂ ಗೋಡೆಯ ಸ್ಪೀಕರುಗಳಲ್ಲಿ ಅದು ಬಿತ್ತು.

ಮಾಬುಬಿ ಎರಡೂ ಕೈಯಿಂದ ತಲೆಯ ಮೇಲಿನ ಪದರ ಹಿಡಿದುಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು.

"ಯಾರ ಪದರ ತೆಗಿ ಅಂತಿ?"

ಇಷ್ಟು ಹೊತ್ತು ಮಾತಿನ ಕೊನೆಗಿದ್ದ 'ರಿ' ಹೋಗಿತ್ತು.

"ಯಾರ ಪದರ ತೆಗಿ ಅಂತಿಯೋ, ಬಾಡ್ಯಾ? ನಿನ್ನ ತಾಯಿ ವಾರಿಗಿಯಾಕಿ ನಾ. ಮುಪ್ಪಿನಾಕಿನ್ನ ಕರದು, ಮಂದಿ ಮುಂದ ನಿಂದರ್ಸಿ, ಹುಡಿಗಿ ಕೈಲೆ ಪದರ ತೆಗಸ್ತಿ?"

ಗೋಡೆಗೆ ಆತು ನಿಂತ ಹೆಂಗಸರೆಲ್ಲ ಒಂದೇ ಸಲ ಗೋಡೆ ಬಿಟ್ಟರು. ಮುಂದೆ ರತ್ನಾಬಾಯಿ. "ಪದರಕ್ಕ ಕೈ ಹಾಕ್ತಾನಂತ ನೋಡ್ರೇ ಇವ! ಕೈ ಮುರದು ಮಗ್ಗಕ್ಕ ಕಟ್ತೇನಿ!" ಖಾಲಿ ಕುರ್ಚಿಗಳು ಉರುಳಿದವು. ಧಣಿಯ ಕಾಲು ಕಾಲಿನ ಮೇಲಿಂದ ತಾನಾಗಿ ಇಳಿಯಿತು.

ಸಾಹೇಬರು ಮೈಕ್ ಸಮೇತ ಹಿಂದೆ ಸರಿದರು. ಎರಡು ತಿಂಗಳಲ್ಲಿ ಈ ಊರಿನ ಒಂದು ಮಾತನ್ನಾದರೂ ಕಲಿತಿದ್ದರೆ ಇದು ಆಗುತ್ತಿರಲಿಲ್ಲ. ರಾಜೇಶ ನಡುವೆ ನುಗ್ಗಿ, "ಸೀರಿ ಪದರ ಅಲ್ರವಾ, ಸೀರಿದು ಅಲ್ಲ" ಎಂದು ಕೈ ಮುಗಿಯುತ್ತಿದ್ದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಾಹೇಬರು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಬಾಯಿ ಬಿಟ್ಟರು.

"ಅಯ್ಯೋ ಕೇಳಿ ಇಲ್ಲಿ! ಪದರ ಅಂದರೆ ಸೀರೆ ಅಲ್ಲ! ನಕ್ಷೆಯ ಮೇಲಿನ ಪದರ! ಲೇಯರ್! ನಿಮ್ಮ ಮನೆಗಳದ್ದು ಒಂದು ಪದರ ಇದೆ, ಅದನ್ನ ನಾವು ತೆಗೆದಿಟ್ಟಿದ್ದೀವಿ, ಅಷ್ಟೇ! ಸೀರೆಗೂ ಅದಕ್ಕೂ ಸಂಬಂಧ ಇಲ್ಲ!"

ಸ್ಪೀಕರು ಅದನ್ನೂ ನಾಲ್ಕೂ ಗೋಡೆಗೆ ಹೇಳಿತು.

ಗದ್ದಲ ನಿಂತಿತು. ಸಾಹೇಬರು ಹಣೆ ಒರೆಸಿಕೊಂಡರು. ಜನ ಸುಮ್ಮನಾದದ್ದು ತಮ್ಮ ವಿವರಣೆಗೆ ಎಂದುಕೊಂಡರು.

ಮಾಬುಬಿ ಪದರ ಬಿಡಲಿಲ್ಲ. ಮೆಲ್ಲಗೆ ಕೇಳಿದಳು. "ನಮ್ಮ ಮನಿಗೋಳ ಪದರ."

"ಹೌದು."

"ನೀವು ತೆಗದಿಟ್ಟೀರಿ."

"ಹೌ... ಅಂದರೆ, ತಾಂತ್ರಿಕವಾಗಿ..."

"ತೆಗದಿಟ್ಟೀರಿ ಅಂದ್ರ ಮನಿ ಅದಾವ. ಇಲ್ಲದ್ದನ್ನ ಯಾರ ತೆಗದಿಡತಾರ?" ಜನರ ಕಡೆ ತಿರುಗಿದಳು. "ಕೇಳಿದ್ರಿಲ್ಲೋ? ಹುಲ್ಲು ಅಂದಾಂವ ಈಗ ಮನಿ ಅಂದ."

ರಾಜೇಶ ಮೇಜಿನ ಕಡೆ ಹಾರಿದ. "ಲ್ಯಾಪ್‌ಟಾಪ್ ಮುಚ್ಚು."

"ಮುಚ್ಚೂದಿಲ್ಲ" ಅಂದಳು ಮುಬಶೀರಾ.

"ಏನಂದಿ?"

"ಮುಚ್ಚೂದಿಲ್ಲ ಅಂದೆ. ನಲವತ್ತೊಂದು ದಿವಸ ಉಚ್ಚಿ ಹಿಡಕೊಂಡು ನಡದೇನಿ ಇದಕ್ಕ. ನೀ ಒಂದ ದಿವಸ ಬಿಸಲಿಗೆ ಮಾರಿ ತೋರ್ಸಿಲ್ಲ. ನಿನ್ನ ಅಪ್ಪನ ಮನಿ ಮುಳುಗಿಸಿದವರ ಮುಂದೂ ಹಿಂಗ ಕೈ ಕಟ್ಟಿ ನಿಂತಿದ್ದೇನ?"

ರಾಜೇಶ ಧಣಿಯ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಅವಳು ಹಸಿರಿನ ಟಿಕ್ ತೆಗೆದಳು. ಜಮಖಾನೆ ಮಾಯ. ಅಡಿಯಲ್ಲಿ ಅರವತ್ಮೂರು ಮನೆ, ನಾಲ್ಕು ನಾಲ್ಕು ಮೂಲೆಯ ಸಮೇತ. ಒಂದೊಂದರ ಮೇಲೂ ಹೆಸರು. ಕಂಪನಿ ಹೆಸರು ಕೇಳಿರಲಿಲ್ಲ, ಬರಿ ಅಳತೆ ಕೇಳಿತ್ತು. ಅವಳೇ ಬರೆದಿದ್ದಳು. ಮಾಬುಬಿ, ಕೊಂಡಿ ಹಾಕುವವರು. ರತ್ನಾಬಾಯಿ, ಕೈಮಗ್ಗ. ಯಾಕೂಬಸಾಬ.

"ತೆಗದಾಕಿ ನಾನ" ಎಂದಳು ಎದ್ದು ನಿಂತು. ಮೈಕ್ ಬೇಕಾಗಲಿಲ್ಲ. "ಇವರು ಹೇಳಿದ್ರು, ನಾ ತೆಗದೆ. ನಮ್ಮಪ್ಪನ ಮನೀನೂ ನಾನ ತೆಗದೆ. ನಾನಿ, ಏರಿದ್ವು ಅಂತ ನಿಮಗ ಸುಳ್ಳು ಹೇಳಿದೆ."

ಯಾಕೂಬಸಾಬ ತಲೆ ತಗ್ಗಿಸಿದ. ಮಾಬುಬಿ ಮಾತ್ರ ಹುಬ್ಬು ಗಂಟಿಕ್ಕಿ ನೋಡಿ, "ನಿನ್ನ ಲೆಕ್ಕ ಮನ್ಯಾಗ ಐತಿ. ಈಗ ಇವರದ ಮುಗಸು" ಅಂದಳು.

ಮುಗಿಸಲು ಇನ್ನೊಂದು ಚೌಕ ಬಾಕಿ ಇತ್ತು. ಹಳೇ ಹಳ್ಳದ ಗಡಿ. ಒತ್ತಿದಳು. ನೀಲಿ ಗೀಟು ಮೇಲಿಂದ ಇಳಿದು ಬಂತು. ಓಣಿಯನ್ನು ಆಚೆ ಬಿಟ್ಟಿತು. ಹಾಗೇ ಬಂದು ಒಂದು ದೊಡ್ಡ ಕಟ್ಟಡದ ನಟ್ಟನಡುವೆ ಹಾಯ್ದು ಹೋಯಿತು.

"ಇದು ಹಳ್ಳದ ಹಳೇ ದಂಡಿ. ನಮ್ಮ ಓಣಿ ಇದರ ಹೊರಗೈತಿ. ಹಳ್ಳದಾಗ ಕಟ್ಟಿದ್ದು ಇದ ಮಂಟಪ. ನೀವು ಈಗ ಹಳ್ಳದಾಗ ಕುಂತು ಉಪ್ಪಿಟ್ಟು ತಿನ್ನಾಕತ್ತೀರಿ."

ಹಿಂದಿನಿಂದ ನಗು ಎದ್ದಿತು. ಇಷ್ಟು ಹೊತ್ತು ಮುಂದಿನ ಸಾಲಿನಲ್ಲಿದ್ದ ನಗು ಜಾಗ ಬದಲಿಸಿತ್ತು. ಧಣಿ ಎದ್ದು ನಿಂತು, "ಏ, ಬಂದ್ ಮಾಡ್ರಲೇ ಅದನ್ನ!" ಎಂದು ಕೂಗಿದ. ರಾಜೇಶ ವಯರು ಕಿತ್ತೆಸೆದ. ಪರದೆ ಬೆಳ್ಳಗಾಯಿತು. ಸಾಹೇಬರು ನಿಟ್ಟುಸಿರುಬಿಟ್ಟರು. ವಯರು ಕಿತ್ತರೆ ಹಳ್ಳ ಬತ್ತುತ್ತದೆ, ಮನೆಗಳು ಬೀಳುತ್ತವೆ ಎಂದುಕೊಂಡ ಬುದ್ಧಿವಂತರು.

"ಫೋನ್ ತೆಗೀರಿ ಎಲ್ಲಾರೂ" ಎಂದಳು ಮುಬಶೀರಾ. "ನೋಟಿಸಿನ್ಯಾಗ ಕೆಳಗ ಬರದಾರಲ್ಲ, ಅದನ್ನ ಹೊಡೀರಿ. ಮ್ಯಾಲೆ ಬಲಮೂಲ್ಯಾಗ ಗುರುತೈತಿ, ಒತ್ರಿ. ಕೆಳಗ ಸರಸ್ರಿ. ಹಸಿರಿನ ಟಿಕ್ ತೆಗೀರಿ. ಎಲ್ಲಾಕ್ಕಿಂತ ಕೆಳಗ ಇತರೆ ಅಂತೈತಿ. ಅದು ನಾವು. ಒತ್ರಿ."

ಒಡೆದ ಗಾಜಿನ ಫೋನು, ರಬ್ಬರ್ ಸುತ್ತಿದ ಫೋನು, ಮಗಳ ಫೋನು, ಸೊಸೆಯ ಫೋನು, ಒಂದೊಂದಾಗಿ ಎದ್ದವು. ಬಣ್ಣ ಕೂತ ಬೆರಳುಗಳು ಗಾಜಿನ ಮೇಲೆ ಸರಿದವು. "ಬಂತು!" ಎಂದು ಒಬ್ಬಳು ಕೂಗಿದಳು. "ನಂದೂ ಬಂತು!" "ಏ, ನಮ್ಮ ಕಟ್ಟಿ ಸುದ್ದಾ ಐತಿ ನೋಡ!" ತೆರೆದು ನೋಡುವಂಥವರು ಈ ಓಣಿಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದವನು ಬೆವರುತ್ತ ನಿಂತಿದ್ದ. ಯಾಕೂಬಸಾಬ ತನ್ನ ಫೋನನ್ನು ಮುಖದ ಹತ್ತಿರ ಹಿಡಿದು, ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದ.

"ಸಭೆಯನ್ನು ಮುಂದೂಡಲಾಗಿದೆ" ಎಂದು ಸಾಹೇಬರು ಕಾಗದ ಜೋಡಿಸತೊಡಗಿದರು. ಬಾಗಿಲ ಕಡೆ ನೋಡಿದರು. ಬಾಗಿಲ ತುಂಬ ರತ್ನಾಬಾಯಿ ಮತ್ತು ಅವಳ ಹಿಂದಿನವರು. ಧಣಿ ಅಡುಗೆಮನೆಯ ಬಾಗಿಲಿನಿಂದ ಆಗಲೇ ನುಸುಳಿದ್ದ. ಅವನು ಬಿಟ್ಟುಹೋದ ಬಿಳಿ ಹೊದಿಕೆಯ ಸೋಫಾದ ಮೇಲೆ ಮಾಬುಬಿ ಬಂದು ಕೂತಳು. ಕಾಲು ನೀಡಿಕೊಂಡಳು.

"ಬರಿ" ಅಂದಳು.

"ಏನು ಬರೀಬೇಕು, ಅಮ್ಮಾ? ನೀವು ಸ್ವಲ್ಪ ಸಮಾಧಾನ..."

"ಈಗ ಅಮ್ಮಾ ಆದ್ನೇನ? ಬರಿ. ಅರವತ್ಮೂರು ಮನಿ ಅದಾವ. ಹಳ್ಳದ ಹೊರಗ ಅದಾವ. ನಾವು ಅವುಗಳ ಪದರ ತೆಗದಿದ್ವಿ. ಹಂಗ ಬರಿ, ಸಹಿ ಮಾಡು."

"ಹಾಗೆ ಬರೆಯೋಕೆ ಬರಲ್ಲಮ್ಮಾ. ತಾಂತ್ರಿಕ ಕಾರಣಗಳಿಂದ ಲೇಯರ್ ಕಾಣಿಸಿರಲಿಲ್ಲ ಅಂತ..."

"ಲೇಯರ್ ಬ್ಯಾಡ. ಪದರ ಅಂತ ಬರಿ. ನೀನ ಆಡಿದ ಮಾತು, ನೀನ ಬರಿ."

ಫೋನುಗಳು ಈಗ ಸಾಹೇಬರ ಕಡೆ ತಿರುಗಿದ್ದವು. ಅವರು ಬರೆದರು. ಪೆನ್ನು ಎರಡು ಸಲ ನಿಂತಿತು, ರತ್ನಾಬಾಯಿ ಎರಡು ಸಲ ಕೆಮ್ಮಿದಳು. ಸಹಿ ಬಿತ್ತು. ಸಾಹೇಬರ ಕಚೇರಿಯ ಮೊಹರು ರಾಜೇಶನ ಚೀಲದಲ್ಲಿತ್ತು, ಅದೂ ಬಿತ್ತು. ಅವನು ಮೊಹರು ಒತ್ತುವಾಗಲೇ ಮುಬಶೀರಾಗೆ, "ನಾಳೆಯಿಂದ ಬರಬ್ಯಾಡ" ಅಂದ. ಅವಳು ಕೊರಳಿನ ಗುರುತಿನ ಚೀಟಿ ಬಿಚ್ಚಿ ಅವನ ಉಪ್ಪಿಟ್ಟಿನ ತಟ್ಟೆಯಲ್ಲಿ ಹಾಕಿದಳು.

ಮಾಬುಬಿ ಕಾಗದವನ್ನು ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಮುಬಶೀರಾಳ ಕಡೆ ಚಾಚಿದಳು.

"ಓದು. ಗಟ್ಯಾಗಿ ಓದು."

ಮುಬಶೀರಾ ಓದಿದಳು. "ಹಳ್ಳದ ದಂಡಿ ಓಣಿಯಲ್ಲಿ ಅರವತ್ಮೂರು ಮನೆಗಳಿರುತ್ತವೆ. ಅವುಗಳ ಪದರವನ್ನು ನಾವು ತೆಗೆದಿದ್ದೆವು."

ಮಾಬುಬಿ ತಲೆಯ ಮೇಲಿನ ಪದರ ಸರಿ ಮಾಡಿಕೊಂಡಳು. ತಲೆ ತಗ್ಗಿಸಿ ನಿಂತಿದ್ದ ಸಾಹೇಬರ ಕಡೆ ಬೆರಳು ತೋರಿಸಿದಳು. ಪರದೆ ಕೊಳೆಯಾಗುತ್ತದೆ ಎಂದಿದ್ದರಲ್ಲ, ಅದೇ ಬೆರಳು.

"ನೀ ಓದಬ್ಯಾಡ ಬೇಟಾ. ಇವ ಓದಲಿ. ಮೈಕಿನ್ಯಾಗ ಓದಲಿ."